30 ಎಕರೆ ಕೆರೆ, ನಾಲ್ಕಡಿ ನೀರು: ಕಯಾಕ್ ಮೇಲಿಂದ ಗಾಳ ಹಾಕುವಾಗ ಏನೇನು ನೋಡಿಕೊಳ್ಳಬೇಕು?

ಏರಿಮೇಲೆ:
ಹೇಮಾವತಿ ನಾಲೆ ನೀರು ಬರುವ ತುಮಕೂರು ಕಡೆಯ ಕೆರೆ. ಸುಮಾರು 30 ಎಕರೆ. ಏರಿ ಪಕ್ಕ ಆರೇಳು ಅಡಿ, ಮಿಕ್ಕ ಕಡೆಯೆಲ್ಲ ಮೂರು–ನಾಲ್ಕು ಅಡಿ. ಮೀನಿನ ಗುತ್ತಿಗೆ ಮೀನುಗಾರರ ಸಂಘದ್ದು. ದಿನಕ್ಕೆ ಇಷ್ಟು ಅಂತ ಕಟ್ಟಿಸಿಕೊಂಡು ರಸೀದಿ ಕೊಟ್ಟು ಗಾಳಕ್ಕೆ ಒಪ್ಪಿದ್ದಾರೆ. ದೋಣಿ 10 ಅಡಿಯ ಸಿಟ್-ಆನ್-ಟಾಪ್ ಕಯಾಕ್, ಅಂದರೆ ಒಳಗಲ್ಲದೆ ಮೇಲೆ ಕೂತು ಹುಟ್ಟು ಹಾಕುವ ಕಿರಿದಾದ ದೋಣಿ, ಒಬ್ಬರೇ ಕೂರುವಂಥದ್ದು. ಕೊರಮೀನು, ರೋಹು, ಕಾಟ್ಲಾ, ಗೆಂಡೆ, ಜಿಲೇಬಿ (ತಿಲಾಪಿಯಾ) ಎಲ್ಲ ಇವೆ. ಇಷ್ಟು ಕಡಿಮೆ ನೀರಿನಲ್ಲಿ ಮೀನು ಹುಡುಕುವುದು ಎಲ್ಲಿ? ಗಾಳಿಗೆ ದೋಣಿ ತಿರುಗದ ಹಾಗೆ ನಿಲ್ಲಿಸುವುದು ಹೇಗೆ? ತಿಳಿದವರು ವಿವರವಾಗಿ ಹೇಳಿ.

ತೂಬಿನಕಲ್ಲು:
ನಮ್ಮ ಕೆರೆಗಳ ತಳ ಬಟ್ಟಲಿನಂತಲ್ಲ, ಮೊರದಂತೆ. ಏರಿಯ ಕಡೆ ಆಳ, ಹಿನ್ನೀರಿನ ಕಡೆಗೆ ಹೋದಂತೆ ತೆಳು. ಅತಿ ಆಳ ಇರುವುದು ತೂಬಿನ ಮುಂದೆ. ಎರಡನೆಯದು, ಕೆರೆ ಕಟ್ಟುವ ಮೊದಲು ಅಲ್ಲಿ ಹರಿಯುತ್ತಿದ್ದ ಹಳ್ಳದ ಪಾತ್ರ. ಅದು ಹಿನ್ನೀರಿನಿಂದ ತೂಬಿನ ಕಡೆಗೆ ಡೊಂಕು ಡೊಂಕಾಗಿ ಬರುತ್ತದೆ. ಸುತ್ತಲಿನ ತಳಕ್ಕಿಂತ ಒಂದಡಿ ತಗ್ಗಿದ್ದರೂ ಸಾಕು, ಬಿಸಿಲೇರಿದ ಮೇಲೆ ದೊಡ್ಡ ಮೀನು ಆ ಓಣಿಯಲ್ಲೇ ಓಡಾಡುತ್ತದೆ. ಮೂರನೆಯದು ಮಣ್ಣು ತೆಗೆದ ಗುಂಡಿಗಳು. ಹೊಲಕ್ಕೆ ಗೋಡು, ಇಟ್ಟಿಗೆಗೆ ಮಣ್ಣು ಅಂತ ಜೆಸಿಬಿಯಲ್ಲಿ ತೋಡಿದ್ದು. ಅಂಚು ಗೋಡೆಯ ಹಾಗೆ ನೇರ ಇಳಿದಿರುತ್ತದೆ. ಮೀನಿಗೆ ಒಳ್ಳೆಯ ಜಾಗ, ನೀರಲ್ಲಿ ನಡೆದು ಹೋಗುವ ಮನುಷ್ಯನಿಗೆ ಪ್ರಾಣಾಪಾಯದ ಜಾಗ. ಮೊಣಕಾಲು ನೀರಿನಿಂದ ಒಂದೇ ಹೆಜ್ಜೆಗೆ ತಲೆ ಮುಳುಗುವ ಆಳ.

ಇವನ್ನೆಲ್ಲ ನೀರಿನ ಮೇಲಿಂದ ಹುಡುಕುವುದು ಕಷ್ಟ. ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳನ್ನು ತೆರೆಯಿರಿ. 2023ರ ಮುಂಗಾರು ಕೈಕೊಟ್ಟ ಮೇಲೆ 2024ರ ಬೇಸಿಗೆಯಲ್ಲಿ ಬಹಳ ಕೆರೆಗಳು ಒಣಗಿದ್ದವು. ಆ ತಿಂಗಳುಗಳ ಚಿತ್ರ ಸಿಕ್ಕರೆ ಹಳ್ಳದ ಪಾತ್ರ, ಗುಂಡಿ, ಜಾಲಿ ಮೋಟುಗಳ ಸಾಲು ಎಲ್ಲ ಕಾಣುತ್ತವೆ. ಒಂದೊಂದಕ್ಕೂ ಗುರುತು ಹಾಕಿ ಫೋನಿಗೆ ಇಳಿಸಿಕೊಳ್ಳಿ.

ಆಳ ಅಳೆಯಲು ಹುಟ್ಟಿನ ಕೋಲಿಗೇ ಅರ್ಧ ಅರ್ಧ ಅಡಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಅಡಿ ಮುಗಿದಲ್ಲಿ ಕೆಂಪು, ಅರ್ಧಕ್ಕೆ ಹಳದಿ. ಶಬ್ದದ ಅಲೆಯಿಂದ ಮೀನು ತೋರಿಸುವ ಫಿಶ್ ಫೈಂಡರ್‌ಗೆ ದುಡ್ಡು ಹಾಕಬೇಡಿ. 20 ಡಿಗ್ರಿ ಕೋನದ ಸಂವೇದಕ ನಾಲ್ಕಡಿ ನೀರಲ್ಲಿ ನೋಡುವುದು ಸುಮಾರು 1.4 ಅಡಿ ಅಗಲದ ವೃತ್ತವನ್ನು ಮಾತ್ರ. ಅದು ದೋಣಿಯ ಅಗಲಕ್ಕಿಂತ ಕಡಿಮೆ, ಅಲ್ಲಿ ಮೀನು ನಿಂತಿರುವುದೂ ಇಲ್ಲ.

ಬಲೆಗಣ್ಣು:
ಸಂಘದ ಕಡೆಯಿಂದ ನಾಲ್ಕು ಮಾತು. ಸಾರ್ವಜನಿಕ ಕೆರೆ ಅಂದ ಮಾತ್ರಕ್ಕೆ ಅದರ ಮೀನು ಯಾರು ಬೇಕಾದರೂ ಹಿಡಿಯಬಹುದು ಅಂತಲ್ಲ. ಮರಿ ಬಿತ್ತಿದವರು, ಗುತ್ತಿಗೆ ಹಣ ಕಟ್ಟಿದವರು ಇರುತ್ತಾರೆ. ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ 1996ರದ್ದು. ಅಪ್ಪಣೆ ಇಲ್ಲದೆ ಹಿಡಿದರೆ ಅದು ಬಾಯಿಮಾತಿನ ಜಗಳಕ್ಕೆ ಮುಗಿಯುವುದಿಲ್ಲ. ಏರಿಮೇಲೆ ಅವರು ರಸೀದಿ ಪಡೆದಿದ್ದು ಸರಿ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಲೈಫ್ ಜಾಕೆಟ್ಟಿನ ಜೇಬಲ್ಲೇ ಇಟ್ಟುಕೊಳ್ಳಿ, ಕಾವಲುಗಾರ ದಂಡೆಯಿಂದ ಕೂಗಿದಾಗ ತೋರಿಸಬಹುದು.

ಬಲೆ ಬಿಡುವುದು ಸಂಜೆ, ಎತ್ತುವುದು ಬೆಳಗಿನ ಜಾವ. ನೀವು ಬೆಳಕು ಹರಿಯುವ ಮೊದಲೇ ಇಳಿದರೆ ಬಲೆಯ ಮೇಲೇ ಹೋಗುತ್ತೀರಿ. ತೇಲಿಗೆ ಹಳೇ ಹವಾಯಿ ಚಪ್ಪಲಿ ಕತ್ತರಿಸಿದ ತುಂಡು, ಥರ್ಮೋಕೋಲ್ ಚೂರು, ಖಾಲಿ ನೀರಿನ ಬಾಟಲಿ ಕಟ್ಟಿರುತ್ತಾರೆ. ಇಂಥವು ಒಂದೇ ಗೆರೆಯಲ್ಲಿ ಎರಡು ಮೂರು ಕಂಡರೆ ನಡುವೆ ಬಲೆ ಇದೆ ಅಂತಲೇ ತಿಳಿಯಿರಿ. ದಾಟಲೇಬೇಕಾದರೆ ಎರಡು ತೇಲುಗಳ ಮಧ್ಯೆ, ಹಗ್ಗ ಜೋತುಬಿದ್ದ ಕಡೆ, ಹುಟ್ಟು ಮೇಲೆತ್ತಿ ಜಾರಿಕೊಂಡು ಹೋಗಿ. ಚುಕ್ಕಾಣಿ ಇದ್ದರೆ ಮೊದಲೇ ಮೇಲಕ್ಕೆ ಮಡಚಿ. ಗಾಳ ಬಲೆಗೆ ಕಚ್ಚಿದರೆ ನಿಮ್ಮ ದಾರ ಕತ್ತರಿಸಿ, ಬಲೆ ಕತ್ತರಿಸಬೇಡಿ. ಒಂದು ಕಣ್ಣು ಹರಿದರೆ ಆ ತೂತು ಮೀನಿನ ಜೊತೆ ದಿನ ದಿನ ದೊಡ್ಡದಾಗುತ್ತದೆ.

ಬಿದಿರುಗಳ:
ದೋಣಿ ನಿಲ್ಲಿಸುವ ವಿಚಾರಕ್ಕೆ ಬರುತ್ತೇನೆ. ಕಡಿಮೆ ನೀರಲ್ಲಿ ಇದೇ ಮುಖ್ಯ, ಗಾಳ ಗೀಳ ಎಲ್ಲ ಆಮೇಲೆ. ಕಬ್ಬಿಣದ ಮಡಚುವ ಲಂಗರು ಈ ಕೆರೆಗಳಿಗೆ ಸರಿಹೋಗುವುದಿಲ್ಲ. ಬೀಳುವಾಗ ಸದ್ದು, ಎಳೆಯುವಾಗ ಹೂಳು ಕದಡುತ್ತದೆ, ಜಾಲಿ ಮೋಟಿಗೆ ಸಿಕ್ಕಿದರೆ ಅಲ್ಲೇ ಉಳಿಯುತ್ತದೆ. ಐದಡಿಯೊಳಗಿನ ನೀರಿಗೆ ಗಳ ಊರುವುದೇ ಸರಿ.

ಒಣಗಿದ ಗಟ್ಟಿ ಬಿದಿರು, ಕಡಿಮೆ ಟೊಳ್ಳಿನದು, ಒಂದಿಂಚು ದಪ್ಪ, ಒಂಬತ್ತು–ಹತ್ತು ಅಡಿ ಉದ್ದ. ತುದಿಯನ್ನು ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ. ತಲೆಗೆ ಒಂದಡಿ ಪಿವಿಸಿ ಪೈಪನ್ನು ಟಿ ಆಕಾರದಲ್ಲಿ ಕೂರಿಸಿದರೆ ಒತ್ತಲು, ತಿರುಗಿಸಲು ಹಿಡಿ ಸಿಗುತ್ತದೆ. ಇದನ್ನು ದೋಣಿಯ ನೀರು ಬಸಿಯುವ ತೂತಿನೊಳಗಿಂದ ತೂರಿಸಿ ಊರುವವರಿದ್ದಾರೆ, ದಯವಿಟ್ಟು ಮಾಡಬೇಡಿ. ಗಾಳಿ ದೋಣಿಯನ್ನು ತಿರುಗಿಸಿದಾಗ ಅಷ್ಟೂ ಬಲ ಆ ತೂತಿನ ಅಂಚಿನ ಮೇಲೆ ಬೀಳುತ್ತದೆ, ಅಲ್ಲೇ ಬಿರುಕು. ಬಿರುಕು ಕಣ್ಣಿಗೆ ಕಾಣುವುದಿಲ್ಲ, ದೋಣಿ ಭಾರವಾಗಿ ಕೂತಾಗಲೇ ಒಳಗೆ ನೀರು ತುಂಬಿದ್ದು ಗೊತ್ತಾಗುವುದು.

ಬದಲಿಗೆ ದೋಣಿಯ ಒಂದು ಪಕ್ಕಕ್ಕೆ ರಾಟೆ ಹಗ್ಗ ಕಟ್ಟಿ. ಮೂತಿಯ ಹತ್ತಿರ ಒಂದು ಸಣ್ಣ ಪುಲ್ಲಿ, ಹಿಂದೆ ಒಂದು, ನಡುವೆ 5 ಮಿ.ಮೀ. ನೈಲಾನ್ ಹಗ್ಗದ ಸುತ್ತು. ಸುತ್ತಿನಲ್ಲಿ ಒಂದು ಸ್ಟೀಲ್ ಬಳೆ. ಕೂತ ಕಡೆಯಿಂದಲೇ ಹಗ್ಗ ಎಳೆದು ಬಳೆಯನ್ನು ಹಿಂದಕ್ಕೋ ಮುಂದಕ್ಕೋ ಕಳಿಸಬಹುದು, ಕೈಗೆಟಕುವಲ್ಲಿ ಒಂದು ಕ್ಲೀಟಿಗೆ (ಹಗ್ಗ ಹಿಡಿದಿಡುವ ಕೊಂಡಿ) ಕಚ್ಚಿಸಿ ನಿಲ್ಲಿಸಬಹುದು. ಊರಿದ ಗಳಕ್ಕೆ ಒಂದು ಹಗ್ಗ, ಆ ಹಗ್ಗ ಬಳೆಯೊಳಗಿಂದ ಬಂದು ನಿಮ್ಮ ಪಕ್ಕದ ಕ್ಲೀಟಿಗೆ. ಬಳೆಯನ್ನು ಪೂರ್ತಿ ಹಿಂದಕ್ಕೆ ಕಳಿಸಿದರೆ ದೋಣಿಯ ಬೆನ್ನು ಗಾಳಿಗೆ, ಮುಖ ಗಾಳಿ ಹೋಗುವ ಕಡೆಗೆ. ಗಾಳಿಯ ಜೊತೆಗೇ ಎಸೆಯುತ್ತೀರಿ, ದೂರ ಹೋಗುತ್ತದೆ. ನಡುವಿನಲ್ಲಿ, ಅಂದರೆ ಸೊಂಟದ ಪಕ್ಕ, ಯಾವತ್ತೂ ಕಟ್ಟಬೇಡಿ. ಅಡ್ಡಗಾಳಿಗೆ ದೋಣಿ ಮಗುಚುವುದು ಆಗಲೇ.

ಏರಿಮೇಲೆ:
ತುಂಬ ಉಪಯೋಗವಾಯಿತು ಸರ್. ಆದರೆ ಇಲ್ಲಿ ಹೂಳೇ ಎರಡಡಿ. ಗಳ ಸಲೀಸಾಗಿ ಇಳಿಯುತ್ತದೆ, ಕೀಳುವಾಗ ಬರುವುದೇ ಇಲ್ಲ, ಎಳೆದರೆ ದೋಣಿಯೇ ವಾಲುತ್ತದೆ.

ಬಿದಿರುಗಳ:
ನೇರ ಎಳೆಯಬೇಡಿ. ಹೂಳು ಗಳದ ಸುತ್ತ ಕಚ್ಚಿ ಹಿಡಿದಿರುತ್ತದೆ, ಅದರ ಬುಡಕ್ಕೆ ಗಾಳಿ ಹೋಗದ ಕಾರಣ ಜಗ್ಗಿದಷ್ಟೂ ಬಿಗಿ. ಟಿ ಹಿಡಿಯನ್ನು ಅತ್ತಿತ್ತ ಕಾಲು ಸುತ್ತು ನಾಲ್ಕೈದು ಸಲ ತಿರುಗಿಸಿ, ಗಳದ ಪಕ್ಕ ನೀರು ಇಳಿಯಲಿ, ಆಮೇಲೆ ತಿರುಗಿಸುತ್ತಲೇ ಎತ್ತಿ. ಎತ್ತುವಾಗ ಗಳ ನಿಮ್ಮ ಮುಂದೆ, ಎರಡು ಮೊಣಕಾಲಿನ ನೇರಕ್ಕೆ ಇರಲಿ, ಪಕ್ಕಕ್ಕೆ ಬಾಗಿ ಎತ್ತಿದರೆ ದೋಣಿ ವಾಲದೆ ಇನ್ನೇನು. ಊರುವಾಗ ನೆಟ್ಟಗೆ ಊರುವ ಬದಲು ಗಾಳಿ ಬರುವ ಕಡೆಗೆ ತಲೆ ವಾಲುವಂತೆ ಓರೆಯಾಗಿ ಊರಿದರೆ ಕಡಿಮೆ ಆಳಕ್ಕೇ ಬಿಗಿಯಾಗುತ್ತದೆ.

ಹೂಳು ಮೂರಡಿಗಿಂತ ಹೆಚ್ಚಿದ್ದರೆ ಗಳ ಬಿಡಿ. ಹಳೇ ಜೀನ್ಸ್ ಕಾಲಿಗೆ ಮೂರು ಕಿಲೋ ಮರಳು ತುಂಬಿ ಎರಡೂ ಬಾಯಿ ಹೊಲಿದು ಹಗ್ಗ ಕಟ್ಟಿ. ಸದ್ದಿಲ್ಲದೆ ಕೂರುತ್ತದೆ, ಮೋಟಿಗೆ ಸಿಕ್ಕುವುದಿಲ್ಲ. ಹಗ್ಗದ ಕೊನೆಗೆ ಒಂದು ಖಾಲಿ ಬಾಟಲಿ ಕಟ್ಟಿರಬೇಕು. ದೊಡ್ಡ ಮೀನು ಓಡಿದರೆ ಹಗ್ಗ ಬಿಟ್ಟು ಹೋಗಬಹುದು, ಆಮೇಲೆ ಬಂದು ಬಾಟಲಿ ಹಿಡಿದರೆ ಆಯಿತು.

ಹರಿಗೋಲು:
ಇಳಿಯುವ ಜಾಗದ ಬಗ್ಗೆ ಯಾರೂ ಹೇಳಲಿಲ್ಲ. ದನ ನೀರು ಕುಡಿಯಲು ಇಳಿಯುವ ಕಡೆ ನೋಡಿ. ವರ್ಷಾನುಗಟ್ಟಲೆ ಗೊರಸು ತುಳಿದು ತಳ ಗಟ್ಟಿಯಾಗಿರುತ್ತದೆ, ಇಳಿಜಾರೂ ಹದವಾಗಿರುತ್ತದೆ. ಏರಿಯ ಕಲ್ಲುಕಟ್ಟಡದ ಮೇಲಿಂದ ದೋಣಿ ಎಳೆದರೆ ತಳ ಸೀಳುತ್ತದೆ. ಕೋಡಿ ಹರಿಯುವಾಗ ಅದರ ಹತ್ತಿರ ಹೋಗಲೇಬಾರದು. ಗದ್ದೆಗೆ ನೀರು ಬಿಟ್ಟಿರುವ ದಿನ ತೂಬಿನ ಮುಂದೆ ನಿಲ್ಲಬಾರದು, ಮೇಲೆ ನೀರು ಕದಲದಿದ್ದರೂ ಒಳಗೆ ಸೆಳೆತ ಇರುತ್ತದೆ.

ಇನ್ನೊಂದು ಅಂತರಗಂಗೆ. ಗಾಳಿ ಯಾವ ದಂಡೆಯಿಂದ ಹೊರಡುತ್ತದೋ ಆ ದಂಡೆಯಿಂದ ಇಳಿಯಿರಿ. ಎದುರು ದಂಡೆಯಿಂದ ಇಳಿದರೆ ಬೆಳಗ್ಗೆ ಖಾಲಿ ಇದ್ದ ಜಾಗಕ್ಕೆ ಹನ್ನೊಂದು ಗಂಟೆಯೊಳಗೆ ಹಸಿರು ಚಾಪೆ ಬಂದು ಕೂತಿರುತ್ತದೆ. ಅದರೊಳಗೆ ಹುಟ್ಟು ಹಾಕಲೂ ಆಗದು, ಇಳಿದು ನಡೆಯಲೂ ಆಗದು.

ತೂಬಿನಕಲ್ಲು:
ಇದಕ್ಕೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಆ ಲೆಕ್ಕದಲ್ಲಿ ವಾಪಸು ಬರುವಾಗ, ಸುಸ್ತಾದ ಹೊತ್ತಿಗೆ, ಎದುರುಗಾಳಿಗೆ ಹುಟ್ಟು ಹಾಕಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಒಂಬತ್ತರ ಮೇಲೆ ಜೋರಾದರೆ ಹಗುರ ಕಯಾಕ್ ಮುಂದೆ ಸಾಗುವುದೇ ಇಲ್ಲ, ಹೊಸಬರಿಗೆ ಅದು ಅಪಾಯ. ಅಂತರಗಂಗೆ ಇಲ್ಲದ ಕೆರೆಯಾದರೆ ಗಾಳಿ ಬಂದು ತಲುಪುವ ದಂಡೆಯಿಂದಲೇ ಇಳಿಯುವುದು ಮೇಲು, ಏನೇ ಆದರೂ ಗಾಳಿಯೇ ಮನೆಗೆ ತಳ್ಳುತ್ತದೆ.

ಹರಿಗೋಲು:
ಅಂತರಗಂಗೆ ಇಲ್ಲದಿದ್ದರೆ ನಿಮ್ಮ ಮಾತೇ ಸರಿ, ಒಪ್ಪಿದೆ. ಇದ್ದ ಕಡೆ ಎರಡು ಇಳಿದಾಣ ನೋಡಿಟ್ಟುಕೊಂಡು, ಎರಡನೆಯದರ ಹತ್ತಿರ ದಾರಿ ಇದೆಯೇ ಅಂತ ಮೊದಲೇ ನೋಡಿಕೊಳ್ಳಲಿ.

ಕೊರಗುರಿ:
ಕೊರಮೀನಿಗೆ ಬರೋಣ, ಕೆಲವರು ಮರಲ್ ಅನ್ನುತ್ತೀರಿ. ಇದು ಗಾಳಿ ಉಸಿರಾಡುವ ಮೀನು. ನೀರಿನಲ್ಲಿ ಆಮ್ಲಜನಕ ಎಷ್ಟೇ ಇರಲಿ, ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಲೇಬೇಕು. ಅದೇ ನಮಗೆ ಗುರುತು. ಜೊಂಡಿನ ಅಂಚಿನಲ್ಲಿ, ತಾವರೆ ಎಲೆಗಳ ನಡುವೆ ‘ಪ್ಳಕ್’ ಅಂತ ಒಂದೇ ಒಂದು ಸದ್ದು, ನಂತರ ಅಂಗೈ ಅಗಲದ ಉಂಗುರ. ಜಿಲೇಬಿ ಎದ್ದರೆ ನೀರು ಚಿಮ್ಮುತ್ತದೆ, ಕೊರಮೀನು ಎದ್ದರೆ ನೀರು ಮಡಚಿಕೊಳ್ಳುತ್ತದೆ. ಉಂಗುರದ ಮೇಲೆ ಎಸೆಯಬೇಡಿ. ಅದರಾಚೆ ನಾಲ್ಕಡಿ, ಸ್ವಲ್ಪ ಪಕ್ಕಕ್ಕೆ ಎಸೆದು, ಅದರ ಹತ್ತಿರ ಹಾದು ಬರುವಂತೆ ಎಳೆಯಿರಿ.

ಮೀನು ಹೆದರುವುದು ದೋಣಿಯ ಆಕಾರಕ್ಕಿಂತ ಸದ್ದಿಗೆ. ಮೂರಡಿ ನೀರಲ್ಲಿ ಇಕ್ಕಳ ಪ್ಲಾಸ್ಟಿಕ್ ತಳಕ್ಕೆ ಬಿದ್ದರೆ ಸುತ್ತ ಹದಿನೈದು ಮೀಟರ್ ಖಾಲಿ ಅಂತಲೇ ಲೆಕ್ಕ ಹಾಕಿ. ಕಾಲಿಡುವ ಜಾಗಕ್ಕೂ ಪೆಟ್ಟಿಗೆಯ ಕೆಳಗೂ ಯೋಗ ಮ್ಯಾಟ್ ಕತ್ತರಿಸಿ ಅಂಟಿಸಿ. ಹುಟ್ಟಿನ ಕೋಲು ದೋಣಿಯ ಅಂಚಿಗೆ ತಗಲುವ ಎರಡು ಕಡೆ ಸೈಕಲ್ ಟ್ಯೂಬ್ ಸುತ್ತಿ. ಜಾಗಕ್ಕೆ ಮೂವತ್ತು ಮೀಟರ್ ಇರುವಾಗಲೇ ಹುಟ್ಟು ನಿಲ್ಲಿಸಿ, ಬಂದ ವೇಗದಲ್ಲೇ ತೇಲಿ, ಗಳ ಊರಿ, ಹತ್ತು ನಿಮಿಷ ಸುಮ್ಮನೆ ಕೂರಿ. ಆ ಹತ್ತು ನಿಮಿಷ ಕೂರಲಾರದವರಿಗೆ ಕೆರೆಯ ಕೊರಮೀನು ಸಿಗುವುದು ಬಹಳ ಕಷ್ಟ.

ಸಲಕರಣೆ: ಆರೂವರೆಯಿಂದ ಏಳಡಿಯ ಮೀಡಿಯಂ-ಹೆವಿ ರಾಡ್, 30–40 ಪೌಂಡಿನ ಬ್ರೇಡ್ (ಹೆಣೆದ ದಾರ), ತುದಿಗೆ ಲೀಡರ್ ಅಂತ ಒಂದೂವರೆ ಅಡಿ 40 ಪೌಂಡಿನ ಮೋನೋ (ಒಂಟಿ ಎಳೆಯ ನೈಲಾನ್ ದಾರ), ಎರಡನ್ನೂ ಸೇರಿಸಲು ಡಬಲ್ ಯುನಿ ಗಂಟು. ಲೀಡರ್ ಯಾಕೆಂದರೆ ಕೊರಮೀನಿನ ಹಲ್ಲಿಗೆ ಬ್ರೇಡ್ ಸವೆಯುತ್ತದೆ. ಟೊಳ್ಳು ರಬ್ಬರಿನ ಫ್ರಾಗ್, ಅಂದರೆ ಕೊಕ್ಕೆ ಇರುವ ನಕಲಿ ಕಪ್ಪೆ, 5 ಸೆಂ.ಮೀ. ಆಸುಪಾಸು, 8ರಿಂದ 12 ಗ್ರಾಂ. ಜೋಡಿ ಕೊಕ್ಕೆಯ ಮೊನೆಗಳನ್ನು ಇಕ್ಕಳದಲ್ಲಿ ಒಂದು ಕೂದಲೆಳೆಯಷ್ಟು ಮೇಲಕ್ಕೆ ಬಗ್ಗಿಸಿ, ಜಾಸ್ತಿಯಾದರೆ ಜೊಂಡೆಲ್ಲ ಹೊತ್ತು ತರುತ್ತದೆ. ಕೊಕ್ಕೆಯ ಬುಡದಿಂದ ಫ್ರಾಗ್ ಒಳಗೆ ನೀರು ಸೇರುತ್ತದೆ, ಪ್ರತಿ ನಾಲ್ಕೈದು ಎಸೆತಕ್ಕೊಮ್ಮೆ ಹಿಂಡಿ. ನೀರು ತುಂಬಿದ ಫ್ರಾಗ್ ಬಾಲ ತಗ್ಗಿಸಿ ಮುಳುಗುತ್ತದೆ, ಆಗ ಹೊಡೆತಗಳೆಲ್ಲ ತಪ್ಪುತ್ತವೆ.

ಹೊಡೆತ ಬಿದ್ದ ತಕ್ಷಣ ಎಳೆಯಬೇಡಿ. ಸದ್ದು ಕೇಳಿದ ಮೇಲೆ ದಾರ ಸರಿಯುವುದು ಕಾಣಬೇಕು, ಭಾರ ಕೈಗೆ ತಗಲಬೇಕು, ಆಗ. ಕಯಾಕ್ ಮೇಲೆ ರಾಡ್ ತಲೆಯ ಮೇಲಕ್ಕೆ ಎತ್ತಿ ಹೊಡೆದರೆ ತಪ್ಪಿದ ಏಟಿಗೆ ನೀವೇ ಹಿಂದಕ್ಕೆ ಬೀಳುತ್ತೀರಿ. ಎರಡೂ ಕಾಲು ಒತ್ತುಪಟ್ಟಿಗೆ ಒತ್ತಿ, ರಾಡನ್ನು ನೀರಿಗೆ ಸಮಾಂತರವಾಗಿ ಸೊಂಟದಿಂದ ಪಕ್ಕಕ್ಕೆ ಬೀಸಿ. ಡ್ರ್ಯಾಗ್, ಅಂದರೆ ಮೀನು ಎಳೆದಾಗ ರೀಲಿನಿಂದ ದಾರ ಸರಿಯದಂತೆ ತಡೆಯುವ ತಿರುಪು, ಬಿಗಿಯಾಗಿರಲಿ. ಗಳಕ್ಕೆ ಕಟ್ಟಿರದಿದ್ದರೆ ಮೀನು ಜೊಂಡಿಗೆ ನುಗ್ಗುವಾಗ ದೋಣಿಯೇ ಅದರ ಹಿಂದೆ ಹೋಗುತ್ತದೆ, ದಾರ ಎಷ್ಟು ಗಟ್ಟಿ ಇದ್ದರೂ ಹಿಡಿತ ಸಿಗುವುದಿಲ್ಲ. ಬಿದಿರುಗಳ ಅವರು ಮೊದಲು ಗಳದ ಬಗ್ಗೆ ಹೇಳಿದ್ದು ಅದಕ್ಕೇ.

ಒಂದು ವಿನಂತಿ. ಮಳೆಗಾಲದಲ್ಲಿ ನೀರ ಮೇಲೆ ತಟ್ಟೆಯಗಲ ಜಾಗ ಎಸರು ಕುದಿಯುವ ಹಾಗೆ ಪುಟಪುಟ ಅನ್ನುತ್ತಿದ್ದು, ಹತ್ತಿರ ಹೋದರೆ ಕೆಂಪು-ಕಿತ್ತಳೆ ಬಣ್ಣದ ನೂರಾರು ಮರಿಗಳು ಕಂಡರೆ, ಕೆಳಗೆ ತಾಯಿತಂದೆ ಕಾವಲಿರುತ್ತವೆ. ಅಲ್ಲಿ ಎಸೆದರೆ ಖಂಡಿತ ಹೊಡೆಯುತ್ತವೆ, ಹಸಿವಿಗಲ್ಲ, ಮರಿ ಕಾಯಲು. ಕಾವಲು ಮೀನನ್ನು ಎತ್ತಿದ ಮೇಲೆ ಆ ಗುಂಪನ್ನು ಬೇರೆ ಮೀನುಗಳು ತಿಂದು ಮುಗಿಸುತ್ತವೆ. ದಯಮಾಡಿ ಬಿಟ್ಟುಬಿಡಿ.

ಮಲೆನಾಡಹಳ್ಳ:
ಇದಕ್ಕೆ ಸೇರಿಸುತ್ತೇನೆ. ನಮ್ಮ ಕಡೆ ಮೊದಲ ಮಳೆಗೆ ಹೊಸನೀರು ಹತ್ತುವ ಮೀನನ್ನು ಹತ್ತುಮೀನು ಅನ್ನುತ್ತಾರೆ. ಬಯಲುಸೀಮೆ ಕೆರೆಯಲ್ಲೂ ಅದೇ, ಹಳ್ಳ ಕೆರೆಗೆ ಸೇರುವ ಬಾಯಲ್ಲಿ ಕೆಂಪು ನೀರು ಬಂದ ದಿನ ಮೀನು ಗುಂಪುಗುಂಪಾಗಿ ನಿಲ್ಲುತ್ತದೆ. ಹೊಟ್ಟೆ ತುಂಬ ಮೊಟ್ಟೆ. ಸುಲಭಕ್ಕೆ ಸಿಗುತ್ತದೆ ಅಂತ ಅಲ್ಲಿ ಗಾಳ ಹಾಕುವುದು ಬೇಡ.

ಹಿಂಡಿಬೂಸ:
ರೋಹು, ಕಾಟ್ಲಾ, ಗೆಂಡೆಗೆ ಬೆಂಡು ಕಟ್ಟಿ ಹಾಕುವ ವಿಧಾನ ಪೂರ್ತಿ ಬೇರೆ. ಕಾಟ್ಲಾ ಮೇಲುನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ ಮತ್ತು ಗೆಂಡೆ ತಳದಲ್ಲಿ ಮೇಯುತ್ತವೆ ಅನ್ನುವುದು ಪುಸ್ತಕದ ಮಾತು; ನಾಲ್ಕಡಿ ನೀರಿನಲ್ಲಿ ಇವೆಲ್ಲ ಒಂದೇ ಅಡುಗೆಮನೆಯಲ್ಲಿ ಇರುತ್ತವೆ. ನಾಲ್ಕಿಂಚು ಮೇಲೆ ಕೆಳಗೆ ಆದರೆ ಬೇರೆ ಮೀನು.

ಇಲ್ಲಿ ಎಲ್ಲರೂ ಎಡವುವುದು ಆಳ ಅಳೆಯುವಲ್ಲಿ. ಸೀಸದ ಗುಂಡು ಕಟ್ಟಿ ಆಳ ನೋಡಿದರೆ ಗುಂಡು ಅರ್ಧ ಅಡಿ ಹೂಳಿನೊಳಗೆ ಇಳಿದಿರುತ್ತದೆ. ಅದನ್ನೇ ತಳ ಅಂದುಕೊಂಡು ಬೆಂಡು ಕಟ್ಟಿದರೆ ಹಿಟ್ಟು ಇಡೀ ದಿನ ಕೆಸರೊಳಗೆ ಹೂತು ಕೂರುತ್ತದೆ, ಮೀನಿಗೆ ಕಾಣುವುದೇ ಇಲ್ಲ. ಸೋಡಾ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳಕ್ಕೆ ಮುಳುಗಲು ಬೇಕಾದಷ್ಟೇ ಸೀಸ ಅಂಟಿಸಿ, ಗಾಳಕ್ಕೆ ಸಿಕ್ಕಿಸಿ ಇಳಿಬಿಡಿ. ಅಗಲ ಇರುವುದರಿಂದ ಹೂಳಿನ ಮೇಲೆ ಕೂರುತ್ತದೆ. ಆ ಅಳತೆಗಿಂತ ನಾಲ್ಕಿಂಚು ಮೇಲೆ ಗಾಳ ತೂಗುವಂತೆ ಬೆಂಡು ಸರಿಸಿ.

ಕರೆಹಿಟ್ಟು, ಅಂದರೆ ಮೀನನ್ನು ಜಾಗಕ್ಕೆ ಸೆಳೆಯಲು ನೀರಿಗೆ ಹಾಕುವ ಹಿಟ್ಟು: ಹುರಿದು ಪುಡಿ ಮಾಡಿದ ಕಡಲೆಕಾಯಿ ಹಿಂಡಿ ಅರ್ಧ ಕಿಲೋ, ಅಕ್ಕಿ ತೌಡು ಅರ್ಧ ಕಿಲೋ, ಹುರಿಗಡಲೆ ಹಿಟ್ಟು ಕಾಲು ಕಿಲೋ, 100 ಗ್ರಾಂ ಬೆಲ್ಲದ ನೀರು, ಒಂದು ಚಮಚ ಹುರಿದ ಮೆಂತ್ಯದ ಪುಡಿ. ಕೆರೆಯ ನೀರಲ್ಲೇ ಕಲಸಿ, ಉಂಡೆ ಹಿಡಿದರೆ ನಿಲ್ಲಬೇಕು, ನೀರಿಗೆ ಬಿದ್ದರೆ ಎರಡು ಮೂರು ನಿಮಿಷಕ್ಕೆ ಬಿಚ್ಚಿಕೊಳ್ಳಬೇಕು. ಕಿತ್ತಳೆ ಗಾತ್ರದ ನಾಲ್ಕು ಉಂಡೆ ಸಾಕು, ಗಂಟೆಗೊಂದು ಮತ್ತೆ. ಹೆಚ್ಚು ಸುರಿದರೆ ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ಹುಳಿಯಾಗಿ ಮೀನು ಆ ಜಾಗವನ್ನೇ ಬಿಡುತ್ತದೆ. ಗಾಳದ ಹಿಟ್ಟಿಗೆ ಮೈದಾ ಎರಡು ಪಾಲು, ಚಿರೋಟಿ ರವೆ ಒಂದು ಪಾಲು, ಬಿಸಿನೀರಲ್ಲಿ ಗಟ್ಟಿ ನಾದಿ, ಚಿಟಿಕೆ ಹತ್ತಿ ಬಿಡಿಸಿ ಸೇರಿಸಿ. ಹತ್ತಿಯ ಎಳೆ ಇಲ್ಲದಿದ್ದರೆ ಸಣ್ಣ ಜಿಲೇಬಿಗಳು ನಿಮಿಷದಲ್ಲಿ ಕಿತ್ತು ಖಾಲಿ ಮಾಡುತ್ತವೆ. 6 ಅಥವಾ 8ನೇ ನಂಬರಿನ ಗಾಳ, 10–12 ಪೌಂಡಿನ ಮೋನೋ.

ಬೆಂಡಿಗೆ ಒಂದೇ ಗಳ ಸಾಲದು. ಒಂದಕ್ಕೇ ಕಟ್ಟಿದ ದೋಣಿ ಗಾಳಿಗೆ ಲೋಲಕದಂತೆ ಓಲಾಡಿ ಬೆಂಡನ್ನು ಎಳೆಯುತ್ತದೆ. ಹಿಂದೊಂದು, ಮುಂದೊಂದು ಎರಡು ಗಳ, ದೋಣಿ ಗಾಳಿಯ ನೇರಕ್ಕೇ ಇರಲಿ.

ಏರಿಮೇಲೆ:
ಗುಳ್ಳೆ ನೋಡಿ ಗೆಂಡೆ ಗುರುತಿಸಬಹುದಂತೆ, ಹೌದೇ? ಇಲ್ಲಿ ಎಲ್ಲೆಲ್ಲೂ ಗುಳ್ಳೆ ಏಳುತ್ತಲೇ ಇರುತ್ತದೆ.

ಹಿಂಡಿಬೂಸ:
ಹೂಳಿನ ಗಾಳಿ ಒಂದೇ ಜಾಗದಲ್ಲಿ ಏಳುತ್ತದೆ, ಗುಳ್ಳೆ ಗೋಲಿಯಷ್ಟು ದಪ್ಪ, ಎದ್ದ ತಕ್ಷಣ ಒಡೆಯುತ್ತದೆ. ಗೆಂಡೆ ಕೆಸರಲ್ಲಿ ಮೂತಿ ತೂರಿಸಿ ಮೇಯುವಾಗ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ರಾಶಿಯಾಗಿ ಬಂದು, ನೊರೆಯ ಹಾಗೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಒಂದಡಿ ಆಚೆ ಇನ್ನೊಂದು ರಾಶಿ. ಅಂದರೆ ಗುಳ್ಳೆ ನಡೆಯುತ್ತದೆ. ನೀರೂ ಅಲ್ಲಿ ಚಹಾ ಬಣ್ಣಕ್ಕೆ ತಿರುಗುತ್ತದೆ. ಗುಳ್ಳೆ ಹೋಗುತ್ತಿರುವ ದಿಕ್ಕಿನಲ್ಲಿ ಆರಡಿ ಮುಂದೆ ಹಾಕಿ ಕಾಯಿರಿ.

ಗದಗಿನಗಾಳಿ:
ಎಲ್ಲಾ ಚಲೋ ಹೇಳೀರಿ, ಸಿಡಿಲಿನ ಮಾತು ಬರಲಿಲ್ಲ ನೋಡ್ರಿ. ಏಪ್ರಿಲ್–ಮೇ ಒಳಗ ಮಧ್ಯಾಹ್ನ ಮೂರರ ಮ್ಯಾಲ ಅಡ್ಡಮಳಿ ಯಾವಾಗ ಬರ್ತದ ಹೇಳಾಕ ಬರೂದಿಲ್ಲ. ಬಟ್ಟಬಯಲು ಕೆರಿಯೊಳಗ ಎತ್ತರ ಇರೂದು ನೀವು ಒಬ್ಬರ, ಕೈಯಾಗ ಏಳಡಿ ಕಾರ್ಬನ್ ರಾಡ್, ಅದರಾಗ ಕರೆಂಟ್ ಹರೀತದ. ಗುಡುಗು ಕಿವಿಗೆ ಬಿತ್ತಂದ್ರ ಸಿಡಿಲು ಬಡಿಯೋ ಅಂತರದೊಳಗ ಅದೀರಿ ಅಂತ ಅರ್ಥ. ರಾಡ್ ಮಲಗಿಸಿ ದಂಡಿಗೆ ಬರ್ರಿ, ಗಾಡಿಯೊಳಗ ಕೂಡ್ರಿ, ಒಂಟಿ ಗಿಡದ ಬುಡಕ ನಿಂದರಬ್ಯಾಡ್ರಿ. ಕಡೀ ಗುಡುಗು ಕೇಳಿ ಅರ್ಧ ತಾಸು ಆದಮ್ಯಾಲ ಮತ್ತ ಇಳೀರಿ.

ಇನ್ನೊಂದು ಮಾತ್ರೀ. ಚಳಿಗಾಲದಾಗ ಪಟ್ಟೆತಲೆ ಹೆಬ್ಬಾತು ಬರೋ ಕೆರಿಗಳಿಗೆ ಕಯಾಕ್ ಒಯ್ಯಬ್ಯಾಡ್ರಿ. ನಮ್ಮ ಶಿರಹಟ್ಟಿ ಕಡೆ ಮಾಗಡಿ ಕೆರಿ, ಹಗರಿಬೊಮ್ಮನಹಳ್ಳಿ ಕಡೆ ಅಂಕಸಮುದ್ರ, ಎರಡೂ 2024ರಾಗ ರಾಮ್ಸರ್ ಪಟ್ಟಿಗೆ, ಅಂದ್ರ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಗೆ, ಸೇರ್ಯಾವ. ಅಲ್ಲಿ ಹಕ್ಕಿದ ಹಕ್ಕು. ಬ್ಯಾರೆ ಕೆರಿಯೊಳಗೂ ಹಿಂಡು ಕುಂತಿದ್ರ ದೂರದಿಂದ ಸುತ್ತಿ ಹೋಗ್ರಿ, ದೋಣಿ ಕಂಡು ಒಮ್ಮೆ ಎದ್ದ ಹಿಂಡು ಮತ್ತ ಕೂಡಾಕ ಭಾಳ ಹೊತ್ತು ತಗೋತದ.

ಹರಿಗೋಲು:
ಮಗುಚಿದರೆ ಏನು ಮಾಡಬೇಕು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾಲ್ಕಡಿ ನೀರು, ಎದ್ದು ನಿಂತರೆ ಆಯಿತಲ್ಲ ಅಂತ ಲೈಫ್ ಜಾಕೆಟ್ ಹಾಕದವರೇ ಜಾಸ್ತಿ. ಎರಡಡಿ ಹೂಳಿನ ಮೇಲೆ ನಿಲ್ಲಲು ಹೋದರೆ ಮೊಣಕಾಲಿನವರೆಗೆ ಹೂತುಹೋಗುತ್ತೀರಿ. ಒಂದು ಕಾಲು ಕೀಳಲು ಇನ್ನೊಂದಕ್ಕೆ ಭಾರ ಹಾಕಿದರೆ ಅದು ಇನ್ನೂ ಇಳಿಯುತ್ತದೆ. ಆದ್ದರಿಂದ ನಿಲ್ಲಬೇಡಿ. ಜಾಕೆಟ್ ತೇಲಿಸುತ್ತದೆ, ಬೋರಲು ಮಲಗಿ, ಕಾಲು ಮೇಲೆ ಬರುವ ತನಕ ಒದೆಯಿರಿ. ದೋಣಿಯ ನಡುಭಾಗದ ಎರಡೂ ಅಂಚು ಹಿಡಿದು ಹೊಟ್ಟೆ ದೋಣಿಯ ಮೇಲೆ ಬರುವಂತೆ ಎಳೆದುಕೊಳ್ಳಿ, ಆಮೇಲೆ ಹೊರಳಿ ಕುಂಡೆ ಸೀಟಿಗೆ, ಕಡೆಗೆ ಕಾಲು. ಕಾಲು ಆಗಲೇ ಹೂತಿದ್ದರೆ ದೋಣಿಯ ಮೇಲೆ ಎದೆಯಿಟ್ಟು ಭಾರ ಅದಕ್ಕೆ ಕೊಟ್ಟು, ಹಿಮ್ಮಡಿ ಅಲ್ಲಾಡಿಸುತ್ತ ನಿಧಾನಕ್ಕೆ ಬಿಡಿಸಿ. ಚಪ್ಪಲಿ ಹೋದರೆ ಹೋಗಲಿ. ಇದನ್ನು ಜೊತೆಗೊಬ್ಬರಿರುವಾಗ ಗಟ್ಟಿ ತಳದ ಜಾಗದಲ್ಲಿ ಐದಾರು ಸಲ ಅಭ್ಯಾಸ ಮಾಡಿ.

ಹುಟ್ಟಿಗೂ ರಾಡಿಗೂ ದಾರ ಕಟ್ಟುವುದು ಸರಿ, ಆದರೆ ಇನ್ನೊಂದು ತುದಿ ದೋಣಿಗೆ, ನಿಮ್ಮ ಮೈಗಲ್ಲ. ಬಲೆ ಇರುವ ಕೆರೆಯಾದ್ದರಿಂದ ಜಾಕೆಟ್ಟಿನ ಎದೆಗೆ ಒಂದು ಸಣ್ಣ ಚಾಕು ಇರಲೇಬೇಕು. ಬಲೆ ಕತ್ತರಿಸಬೇಡಿ ಅಂತ ಬಲೆಗಣ್ಣು ಅವರು ಹೇಳಿದ್ದು ಗಾಳ ಸಿಕ್ಕಿದಾಗ. ಕಾಲು ಸಿಕ್ಕಿದರೆ ಕತ್ತರಿಸಿ.

ಬಲೆಗಣ್ಣು:
ಖಂಡಿತ. ಜೀವಕ್ಕಿಂತ ಬಲೆ ದೊಡ್ಡದಲ್ಲ. ಆಮೇಲೆ ಬಂದು ಸಂಘಕ್ಕೆ ಹೇಳಿ, ಅಷ್ಟೇ.

ಚೇಳು ಮೀನಿನ ಬಗ್ಗೆಯೂ ಎಚ್ಚರ. ಎರೆಹುಳಕ್ಕೆ ಸಂಜೆ ಹೊತ್ತು ಬೀಳುತ್ತದೆ, ಕಪ್ಪಗೆ, ಗೇಣುದ್ದ, ಮೀಸೆ ಇರುತ್ತದೆ. ಪಕ್ಕದ ರೆಕ್ಕೆಯ ಮುಳ್ಳಿನಲ್ಲಿ ವಿಷ. ಕಯಾಕ್‌ನಲ್ಲಿ ಅದು ಬಿದ್ದು ಒದ್ದಾಡುವುದು ನಿಮ್ಮ ಬರಿಗಾಲಿನ ಮಧ್ಯೆಯೇ. ದೋಣಿಯೊಳಗೆ ತರದೆ, ನೀರಿನ ಮೇಲೇ ತೂಗುಬಿಟ್ಟು ಇಕ್ಕಳದಲ್ಲಿ ಗಾಳ ತಿರುಗಿಸಿ ಉದುರಿಸಿ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ, ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಅದ್ದಿಡಿ, ನೋವು ಇಳಿಯುತ್ತದೆ. ನೀರು ಸುಡುತ್ತಿದೆಯೇ ಅಂತ ಇನ್ನೊಂದು ಕೈಯಲ್ಲಿ ನೋಡಿಕೊಳ್ಳಿ. ಮುಳ್ಳು ಒಳಗೆ ಮುರಿದಿದ್ದರೆ ಆಸ್ಪತ್ರೆಗೆ ಹೋಗಿ.

ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ವಾಪಸು ನೀರಿಗೆ ಬಿಡಬೇಡಿ, ಸಾಕಣೆಯೇ ನಿಷೇಧವಾಗಿರುವ ಮೀನು ಅದು, ಬಿತ್ತಿದ ಮರಿಗಳನ್ನೆಲ್ಲ ತಿನ್ನುತ್ತದೆ. ಕಾವಲುಗಾರನಿಗೆ ಕೊಟ್ಟುಬಿಡಿ. ಮತ್ತೆ ಜಿಲೇಬಿ, 1952ರಲ್ಲಿ ದೇಶಕ್ಕೆ ಬಂದ ಮೀನು ಈಗ ಎಲ್ಲ ಕೆರೆಯಲ್ಲೂ ತುಂಬಿದೆ. ಎಷ್ಟು ಹಿಡಿದರೂ ನಮ್ಮ ಸಂಘದವರು ಸಂತೋಷವೇ ಪಡುತ್ತಾರೆ. ದಂಡೆಯ ಹತ್ತಿರ ಎರಡಡಿ ನೀರಲ್ಲಿ ಬೋಗುಣಿಯಂಥ ಗುಳಿಗಳು ಸಾಲಾಗಿ ಕಂಡರೆ ಅದು ಅವುಗಳ ಗೂಡು, ಅಲ್ಲಿ 10ನೇ ನಂಬರಿನ ಗಾಳಕ್ಕೆ ತುಂಡು ಎರೆಹುಳ ಸಾಕು.

ತೂಬಿನಕಲ್ಲು:
ನೀರು ಹಸಿರುಗಟ್ಟಿದ ಕೆರೆಗಳ ಬಗ್ಗೆ ಒಂದು ಮಾತು. ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಬರುತ್ತಿದೆ, ಅಂಥ ಕಡೆ ಪಾಚಿಗೆ ಗೊಬ್ಬರ ಹೆಚ್ಚು. ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ಎಳೆದುಕೊಳ್ಳುತ್ತದೆ. ಎರಡು ಮೂರು ದಿನ ಮೋಡ ಕವಿದು ಗಾಳಿಯೂ ನಿಂತರೆ ಬೆಳಗಿನ ಜಾವಕ್ಕೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ. ಇಷ್ಟೊಂದು ಮೀನು ಮೇಲೆ ಬಂದಿವೆ ಅಂತ ಗಾಳ ಹಾಕಬೇಡಿ. ಅವು ತಿನ್ನುವುದೂ ಇಲ್ಲ, ಹಿಡಿದು ಬಿಟ್ಟರೆ ಉಳಿಯುವುದೂ ಇಲ್ಲ. ತಕ್ಷಣ ಗುತ್ತಿಗೆದಾರರಿಗೆ ಫೋನ್ ಮಾಡಿ. ಪಂಪಿನಿಂದ ನೀರು ಎತ್ತಿ ಚಿಮ್ಮಿಸಿದರೆ ಅಷ್ಟಿಷ್ಟು ಉಳಿಯಬಹುದು, ಒಂದು ಗಂಟೆ ತಡವಾದರೂ ವರ್ಷದ ಬೆಳೆ ತೇಲುತ್ತದೆ.

ಏರಿಮೇಲೆ:
ಕೊನೆಯದಾಗಿ, ಕಯಾಕ್ ಮನೆಗೆ ತಂದ ಮೇಲೆ? ಎರಡು ಕೆರೆಗೆ ಒಂದೇ ದೋಣಿ ಒಯ್ಯಬಹುದೇ?

ಬಿದಿರುಗಳ:
ಒಯ್ಯಬಹುದು, ಆದರೆ ಅದೇ ದಿನ ಬೇಡ. ನೀರು ಬಸಿಯುವ ತೂತು, ಸೀಟಿನ ಪಟ್ಟಿ, ಪುಲ್ಲಿಯ ಸಂದು, ಮರಳು ಚೀಲದ ಹೊಲಿಗೆ, ಈ ನಾಲ್ಕು ಕಡೆ ಅಂತರಗಂಗೆಯ ತುಂಡು ಸಿಕ್ಕಿಕೊಂಡಿರುತ್ತದೆ. ಒಂದು ಚೂರು ಸಾಕು, ಮುಂದಿನ ವರ್ಷ ಆ ಕೆರೆಯೂ ಮುಚ್ಚುತ್ತದೆ. ದಂಡೆಯಲ್ಲೇ ಕೈಯಿಂದ ಕಿತ್ತು, ಒಳಗಿನ ನೀರು ಪೂರ್ತಿ ಬಸಿದು, ಮನೆಯಲ್ಲಿ ತೊಳೆದು ಎರಡು ದಿನ ಪೂರ್ತಿ ಒಣಗಿಸಿ. ಒಣಗಿಸುವಾಗ ಬೋರಲು ಹಾಕಿ, ಬಸಿಯುವ ಬಿರಡೆ ಬಿಚ್ಚಿಡಿ. ಬಿರಡೆ ಮುಚ್ಚಿ ಬಿಸಿಲಿಗೆ ಇಟ್ಟರೆ ಒಳಗಿನ ಗಾಳಿ ಕಾದು ಉಬ್ಬಿ ತಳ ವಿಕಾರವಾಗುತ್ತದೆ. ಬಿಚ್ಚಿದ ಬಿರಡೆಯನ್ನು ಲೈಫ್ ಜಾಕೆಟ್ಟಿಗೇ ಕಟ್ಟಿಡಿ. ಜಾಕೆಟ್ ಹಾಕಿಕೊಳ್ಳುವಾಗ ಅದು ಕೈಗೆ ತಗಲುತ್ತದೆ, ಮುಚ್ಚುವುದು ಮರೆಯುವುದಿಲ್ಲ.